ದರ ಹೇಳಿದ ಊರು

1860ರ ದಶಕದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಅಚ್ಚಾಗುತ್ತಿದ್ದ ಹತ್ತಿಯ ದರಪಟ್ಟಿಗಳಲ್ಲಿ ಹಿಂದೂಸ್ಥಾನದ ಹತ್ತಿಗೆಂದು ಒಂದು ಭಾಗ ಮೀಸಲಾಗಿರುತ್ತಿತ್ತು. ಅಲ್ಲಿ ಸೂರತ್, ಧೋಲೇರಾ, ಭಡೋಚ್, ಧಾರವಾಡ ಎಂಬ ಹೆಸರುಗಳು ಸಾಲಾಗಿ ಬರುತ್ತವೆ. ಅವುಗಳ ನಡುವೆ ‘ಕಾಂಪ್ಟಾ’ ಎಂಬುದೊಂದು. ಪರಭಾಷೆಯ ಅಕ್ಷರಗಳಲ್ಲಿ ರೂಪಗೆಟ್ಟ ಈ ಹೆಸರು ನಮ್ಮ ಉತ್ತರ ಕನ್ನಡದ ಕುಮಟೆಯದೆಂದು ಹೊಳೆಯುವುದಕ್ಕೆ ನನಗೆ ತುಸು ಹೊತ್ತು ಹಿಡಿಯಿತು. ಹತ್ತಿ ಬೆಳೆಯುತ್ತಿದ್ದುದು ಕುಮಟೆಯಲ್ಲಲ್ಲ, ಘಟ್ಟದ ಮೇಲಿನ ಧಾರವಾಡ ಸೀಮೆಯ ಎರೆಯ ಹೊಲಗಳಲ್ಲಿ. ಅದು ಹೇರೆತ್ತುಗಳ ಬೆನ್ನ ಮೇಲೆ ದೇವಿಮನೆ ಘಟ್ಟವಿಳಿದು, ಕುಮಟೆಯ ರೇವಿನಲ್ಲಿ ಮಚವೆಗಳನ್ನೇರಿ ಮುಂಬಯಿಗೆ ಹೋಗಿ, ಅಲ್ಲಿಂದ ದೊಡ್ಡ ಹಡಗುಗಳಲ್ಲಿ ಆಫ್ರಿಕ ಖಂಡವನ್ನು ಬಳಸಿ ಲಿವರ್‌ಪೂಲನ್ನು ಸೇರುತ್ತಿತ್ತು. ಹೊರಟ ರೇವಿನ ಹೆಸರೇ ಹತ್ತಿಯ ಹೆಸರಾಯಿತು. 1840ರ ದಶಕದಿಂದ ಸರಕಾರವು ಅಮೆರಿಕದಿಂದ ತರಿಸಿ ಬೆಳೆಸಿದ ತಳಿ ‘ಧಾರವಾಡ’ವೆನಿಸಿತು, ನಮ್ಮ ನಾಡತಳಿ ‘ಕುಮಟಾ’ ಎನಿಸಿತು.

ಈ ಸಂಗತಿಯನ್ನು ನಾನು ಒಂದು ದಿನ ತರಗತಿಯಲ್ಲಿ ಸ್ವಲ್ಪ ಅಭಿಮಾನದಿಂದಲೇ ಹೇಳಿದೆ. ಸಾವಿರಾರು ಮೈಲಿಗಳಾಚೆಯ ಮಹಾನಗರವೊಂದರಲ್ಲಿ ನಮ್ಮೊಂದು ಸಣ್ಣ ಊರಿನ ಹೆಸರು ದಿನವೂ ಕೇಳಿಬರುತ್ತಿತ್ತೆಂಬುದು ಹೆಮ್ಮೆಪಡತಕ್ಕ ವಿಷಯವೆಂದೇ ನಾನು ಭಾವಿಸಿದ್ದೆ. ಹಿಂದಿನ ಬೆಂಚಿನಲ್ಲಿದ್ದ, ಒಕ್ಕಲುತನದ ಮನೆಯಿಂದ ಬಂದ ಹುಡುಗನೊಬ್ಬ ಎದ್ದು ನಿಂತು, “ದರಾ ಯಾರು ಹೇಳತಿದ್ರು ಸರ್?” ಎಂದು ಕೇಳಿದ. ಆ ಹೊತ್ತಿಗೆ ಏನೋ ಉತ್ತರ ಕೊಟ್ಟು ಪಾಠ ಮುಂದುವರಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುಂದೆ ಇಂಗ್ಲೆಂಡಿಗೆ ಹೋಗುವ ಸಂದರ್ಭ ಒದಗಿದಾಗ ಮೂರು ದಿನಗಳನ್ನು ಲಿವರ್‌ಪೂಲಿಗೆಂದೇ ಉಳಿಸಿಕೊಂಡೆ.

ಲಿವರ್‌ಪೂಲ್ ಎಂದೊಡನೆ ನಮ್ಮ ತರುಣರಿಗೆ ಕಾಲ್ಚೆಂಡಿನಾಟವೂ ಬೀಟಲ್ಸರ ಹಾಡುಗಳೂ ನೆನಪಾಗುತ್ತವೆ. ನನಗೆ ಮೊದಲು ಕಂಡದ್ದು ಮರ್ಸಿ ನದಿ. ಕಡಲಿಗೆ ಕೂಡುವೆಡೆಯಲ್ಲಿ ಅದರ ನೀರು ಕಂದು ಬಣ್ಣದ್ದು, ಗಾಳಿ ಬಲವಾದದ್ದು. ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಹತ್ತು ಮೀಟರಿನಷ್ಟು ಅಂತರ ಬೀಳುವುದುಂಟು. ಬೆಳಗ್ಗೆ ತೇಲುತ್ತಿದ್ದ ಹಡಗು ಮಧ್ಯಾಹ್ನ ಕೆಸರಿನಲ್ಲಿ ಕೂರುವಂಥ ನದಿಯಲ್ಲಿ ಬಂದರು ಹೇಗೆ ನಿಂತೀತು? 1715ರಲ್ಲಿ ಥಾಮಸ್ ಸ್ಟಿಯರ್ಸ್ ಎಂಬ ಎಂಜಿನಿಯರು ಈ ಪ್ರಶ್ನೆಗೆ ಉತ್ತರ ಕೊಟ್ಟ. ನದಿಗೆ ಸೇರುತ್ತಿದ್ದ ಹಿನ್ನೀರಿನ ಮಡುವನ್ನು ಕಲ್ಲಿನಿಂದ ಕಟ್ಟಿ, ಬಾಗಿಲಿಟ್ಟು, ಉಬ್ಬರದ ನೀರನ್ನು ಒಳಗೇ ಹಿಡಿದು ನಿಲ್ಲಿಸಿದ. ಹಡಗು ಉಬ್ಬರದಲ್ಲಿ ಒಳಬಂದು, ಬಾಗಿಲು ಮುಚ್ಚಿದ ಮೇಲೆ ನಿಶ್ಚಲ ಜಲದಲ್ಲಿ ನಿಂತು ಸರಕಿಳಿಸಬಹುದಾಗಿತ್ತು. ವ್ಯಾಪಾರಕ್ಕಾಗಿ ಹೀಗೆ ಕಟ್ಟಿದ ಡಾಕ್‌ಗಳಲ್ಲಿ ಇದು ಜಗತ್ತಿನಲ್ಲೇ ಮೊದಮೊದಲಿನದು. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಇಂಥ ಡಾಕ್‌ಗಳ ಸಾಲು ನದಿಯ ದಂಡೆಯುದ್ದಕ್ಕೂ ಏಳು ಮೈಲಿ ಬೆಳೆದಿತ್ತು.

ಇಂಗ್ಲೆಂಡಿನ ಉತ್ತರ ಭಾಗವೆಂದರೆ ಗಿರಣಿಗಳ ನಾಡು, ಹೊಗೆಯ ನಾಡು ಎಂದು ನಾವು ಓದಿದ್ದೇವೆ. ಆದರೆ ಆ ನಾಡಿನಲ್ಲಿ ಲಿವರ್‌ಪೂಲಿನ ರೀತಿಯೇ ಬೇರೆ. ಮೂವತ್ತು ಮೈಲಿ ದೂರದ ಮ್ಯಾಂಚೆಸ್ಟರ್ ನೂಲಿತು, ನೇಯಿತು. ಲಿವರ್‌ಪೂಲ್ ಮುಖ್ಯವಾಗಿ ತಂದುಕೊಟ್ಟಿತು, ಒಯ್ದು ಮಾರಿತು. ಅಲ್ಲಿಯೂ ಸಕ್ಕರೆ ಶುದ್ಧಿ ಮಾಡುವ ಕಾರಖಾನೆಗಳಿದ್ದವು, ಹಡಗು ಕಟ್ಟುವ ಕೆಲಸವಿತ್ತು, ಮಣ್ಣಿನ ಪಾತ್ರೆಗಳ ಕಸುಬಿತ್ತು. ಆದರೂ ನಗರದ ಉಸಿರು ಸಾಗಾಟದಲ್ಲಿತ್ತು. ಮ್ಯಾಂಚೆಸ್ಟರಿನವನು ಬರಿಯ ಮನುಷ್ಯ, ಲಿವರ್‌ಪೂಲಿನವನು ಸಂಭಾವಿತ ಎಂಬ ಹಳೆಯ ಮಾತೊಂದು ಆ ಪ್ರಾಂತದಲ್ಲಿದೆ. ಮೊದಲಿನವನು ಕೈ ಕೆಸರು ಮಾಡಿಕೊಳ್ಳುವವನು, ಎರಡನೆಯವನು ಲೆಕ್ಕ ಬರೆಯುವವನು ಎಂಬುದು ಆ ಮಾತಿನ ಇಂಗಿತ. 1830ರಲ್ಲಿ ಈ ಎರಡು ನಗರಗಳ ನಡುವೆ ಉಗಿಬಂಡಿಯ ರೈಲು ಮಾರ್ಗ ತೆರೆದಾಗ, ಅದಕ್ಕೆ ಮುಖ್ಯ ಪ್ರೇರಣೆಗಳಲ್ಲಿ ಒಂದು ಹತ್ತಿಯ ಸಾಗಾಟವೇ ಆಗಿತ್ತು.

ಹತ್ತಿಗೂ ಮೊದಲು ಈ ನಗರ ಸಾಗಿಸಿದ ಸರಕು ಒಂದಿದೆ. ಅದು ಮನುಷ್ಯರು. 1699ರಲ್ಲಿ ಗುಲಾಮರನ್ನು ತರಲು ಇಲ್ಲಿಂದ ಹಡಗೊಂದು ಹೊರಟುದು ದಾಖಲೆಯಲ್ಲಿದೆ. 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸುವವರೆಗೆ ಲಿವರ್‌ಪೂಲಿನ ಹಡಗುಗಳು ಹತ್ತು ಲಕ್ಷಕ್ಕೂ ಮಿಕ್ಕ ಆಫ್ರಿಕನರನ್ನು ಅಟ್ಲಾಂಟಿಕ್ ಸಾಗರದಾಚೆಗೆ ಒಯ್ದು ಮಾರಿದವು. ಬಟ್ಟೆ, ಲೋಹ, ಬಂದೂಕುಗಳನ್ನು ತುಂಬಿಕೊಂಡು ಆಫ್ರಿಕಕ್ಕೆ, ಅಲ್ಲಿಂದ ಮನುಷ್ಯರನ್ನು ತುಂಬಿಕೊಂಡು ವೆಸ್ಟ್ ಇಂಡೀಸ್‌ಗೆ, ಅಲ್ಲಿಂದ ಸಕ್ಕರೆ, ರಮ್ಮು, ಹತ್ತಿಗಳನ್ನು ತುಂಬಿಕೊಂಡು ಮರಳಿ ಮರ್ಸಿಗೆ — ಹೀಗೆ ಆ ಹಡಗುಗಳ ದಾರಿ ಮುಮ್ಮೂಲೆಯದಾಗಿತ್ತು. ಸರಪಳಿ ಬಿಗಿದ ಆ ಜನರಲ್ಲಿ ಬಹುಪಾಲು ಮಂದಿ ಲಿವರ್‌ಪೂಲನ್ನು ಕಾಣಲೇ ಇಲ್ಲ. ನಗರವನ್ನು ಮುಟ್ಟಿದ್ದು ಅವರ ಲೆಕ್ಕ ಮಾತ್ರ. ಹದಿನೆಂಟನೆಯ ಶತಮಾನದ ಪುರಭವನದ ಗೋಡೆಯ ಮೇಲ್ಭಾಗದಲ್ಲಿ ಆನೆ, ಸಿಂಹಗಳೊಡನೆ ಆಫ್ರಿಕನ್ ಮುಖಗಳನ್ನೂ ಅಲಂಕಾರವಾಗಿ ಕೆತ್ತಿದ್ದಾರೆ. ನಾನು ತಲೆಯೆತ್ತಿ ಅವನ್ನು ನೋಡುತ್ತ ನಿಂತಿದ್ದಾಗ ದಾರಿಹೋಕರಾರೂ ನಿಲ್ಲಲಿಲ್ಲ. ದಿನವೂ ಕಾಣುವುದನ್ನು ಯಾರು ತಾನೆ ನೋಡುತ್ತಾರೆ?

ನೋಡಿದವನೊಬ್ಬನಿದ್ದ. ಎಡ್ವರ್ಡ್ ರಷ್ಟನ್ ಎಂಬ ಲಿವರ್‌ಪೂಲಿನ ತರುಣ ನಾವಿಕ ಗುಲಾಮರ ಹಡಗಿನಲ್ಲಿ ಹೋಗಿದ್ದಾಗ, ಕೆಳ ಅಂತಸ್ತಿನಲ್ಲಿ ಕಣ್ಣುಬೇನೆಯಿಂದ ನರಳುತ್ತಿದ್ದ ಬಂದಿಗಳ ಬಳಿಗೆ ಹೋಗಿ ಅವರನ್ನು ಉಪಚರಿಸಿದ. ಬೇನೆ ಅವನಿಗೂ ಅಂಟಿತು; ದೃಷ್ಟಿ ಹೋಯಿತು. ಊರಿಗೆ ಮರಳಿ ಅವನು ಕವಿಯಾದ, ಗುಲಾಮಗಿರಿಯ ಕಡುವೈರಿಯಾದ. 1791ರಲ್ಲಿ ಆ ನಗರದಲ್ಲಿ ಅಂಧರಿಗಾಗಿ ಶಾಲೆಯೊಂದನ್ನು ಸ್ಥಾಪಿಸಿದವರಲ್ಲಿ ಅವನೂ ಒಬ್ಬ. ಆ ವ್ಯಾಪಾರದ ಹಣದಿಂದಲೇ ಬೆಳೆಯುತ್ತಿದ್ದ ಊರಿನಲ್ಲಿ ನಿಂತು ಹಾಗೆ ಬರೆಯುವುದಕ್ಕೆ ಎಂಥ ಎದೆಗಾರಿಕೆ ಬೇಕಾಗಿತ್ತೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಊಹಿಸಬಲ್ಲೆವು.

ನಿಷೇಧವಾದದ್ದು ಗುಲಾಮರ ಸಾಗಾಟ. ಅವರ ದುಡಿಮೆಯ ಫಲದ ಸಾಗಾಟವಲ್ಲ. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಗುಲಾಮರು ಬೆಳೆದ ಹತ್ತಿ ವರ್ಷವರ್ಷಕ್ಕೆ ಹೆಚ್ಚಾಗಿ ಲಿವರ್‌ಪೂಲಿನ ಧಕ್ಕೆಗಳಲ್ಲಿ ಬಂದಿಳಿಯಿತು. 1860ರ ವೇಳೆಗೆ ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೆರಿಕದಿಂದಲೇ ಬರುತ್ತಿತ್ತು. ಈ ಹತ್ತಿಯ ದಲಾಲಿಗಳು 1841ರಲ್ಲಿಯೇ ತಮ್ಮದೊಂದು ಸಂಘ ಕಟ್ಟಿಕೊಂಡಿದ್ದರು. ಅವರ ಪೇಟೆಗೆ ಬಹುಕಾಲ ಮಾಡೇ ಇರಲಿಲ್ಲ. ಪುರಭವನದ ಹಿಂದಿನ ಕಲ್ಲುಹಾಸಿನ ಅಂಗಳದಲ್ಲಿ, ಬಯಲಿನಲ್ಲೇ ನಿಂತು ವ್ಯವಹರಿಸುತ್ತಿದ್ದರು; ಒಳಗಿನ ಕೋಣೆಗೆ ಹೋದದ್ದು 1896ರಲ್ಲಿ. ಅಂಡಿಗೆಗಳು ಉಗ್ರಾಣದಲ್ಲಿರುತ್ತಿದ್ದವು, ಕೈಯಲ್ಲಿರುತ್ತಿದ್ದುದು ಒಂದು ಹಿಡಿ ಮಾದರಿಯ ಅರಳೆ. ಅದನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದೆಳೆದು, ಎಳೆಯ ಉದ್ದ, ಬಲ, ಬಣ್ಣ, ಕಸಗಳನ್ನು ನೋಡಿ, ದರ ಹೇಳುತ್ತಿದ್ದರು. ಅಂಗಳದಲ್ಲಿ ನುಡಿದ ಆ ಮಾತು ಮ್ಯಾಂಚೆಸ್ಟರಿನ ಗಿರಣಿಗೂ, ಮಿಸಿಸಿಪ್ಪಿಯ ತೋಟಕ್ಕೂ, ಮುಂಬಯಿಯ ಪೇಟೆಗೂ ಆಜ್ಞೆಯಾಗುತ್ತಿತ್ತು. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಉತ್ತರದವರ ನೌಕಾಬಲ ದಕ್ಷಿಣದ ಬಂದರುಗಳನ್ನು ಮುತ್ತಿತು, ಹತ್ತಿ ನಿಂತಿತು. ಲ್ಯಾಂಕಷೈರಿನ ಗಿರಣಿಗಳು ಮುಚ್ಚಿ, ಲಕ್ಷಗಟ್ಟಲೆ ಕೂಲಿಕಾರರು ಗಂಜಿಗಾಗಿ ಕೈಯೊಡ್ಡಿದರು. ಹಸಿದಿದ್ದರೂ ಆ ಕೂಲಿಕಾರರಲ್ಲಿ ಅನೇಕರು ಗುಲಾಮಗಿರಿಯ ವಿರುದ್ಧ ನಿಂತರು. ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿ ಅವರು ಬರೆದ ಪತ್ರಕ್ಕೆ 1863ರ ಜನವರಿಯಲ್ಲಿ ಲಿಂಕನ್ ಅವರು ಕೃತಜ್ಞತೆಯ ಉತ್ತರ ಬರೆದರು. ಲಿವರ್‌ಪೂಲಿನ ವರ್ತಕರಲ್ಲಿ ಬಹುಮಂದಿಯ ಒಲವು ಮಾತ್ರ ದಕ್ಷಿಣದ ಕಡೆಗಿತ್ತು. ನದಿಯ ಎದುರು ದಂಡೆಯ ಬರ್ಕನ್‌ಹೆಡ್‌ನಲ್ಲಿ ಕಟ್ಟಿದ ‘ಅಲಬಾಮಾ’ ಎಂಬ ಹಡಗು 1862ರಲ್ಲಿ ಗುಟ್ಟಾಗಿ ಹೊರಟು ಉತ್ತರದವರ ಹಡಗುಗಳನ್ನು ಬೇಟೆಯಾಡಿತು. ಆ ತಪ್ಪಿಗಾಗಿ ಬ್ರಿಟನ್ 1872ರ ತೀರ್ಪಿನಂತೆ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಪರಿಹಾರ ತೆರಬೇಕಾಯಿತು.

ಈ ಕಾಲದಲ್ಲಿಯೇ ಲಿವರ್‌ಪೂಲಿನ ಕಣ್ಣು ನಮ್ಮ ಕಡೆಗೆ ಹೊರಳಿದ್ದು. ಹತ್ತಿಯ ಬೆಲೆ ಮೂರು ಪಟ್ಟಿಗೂ ಮಿಕ್ಕಿ ಏರಿತು. ಧಾರವಾಡ ಸೀಮೆಯಲ್ಲಿ ಹತ್ತಿಯ ಹೊಲಗಳು ಹಬ್ಬಿದವು. ಘಟ್ಟದ ದಾರಿಗಳಲ್ಲಿ ಹೇರೆತ್ತುಗಳ ಕೊರಳ ಗಂಟೆ ಕೇಳಿತು. ಮುಂಬಯಿ ಸರಕಾರಕ್ಕೆ ಉತ್ತರ ಕನ್ನಡದ ರೇವುಗಳ ಮೇಲೆ ಆಸೆ ಮೂಡಿತು. 1862ರಲ್ಲಿ ಆ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರವನ್ನು ಹತ್ತಿಯ ಬಂದರನ್ನಾಗಿ ಬೆಳೆಸುವ ಯೋಜನೆಗೆ ಮ್ಯಾಂಚೆಸ್ಟರಿನ ವರ್ತಕರ ಒತ್ತಾಯವಿತ್ತು. ಕನ್ನಡ ನಾಡಿನ ಒಂದು ಜಿಲ್ಲೆಯ ಆಡಳಿತದ ಗಡಿ ಬದಲಾದುದರ ಹಿಂದೆಯೂ ಲ್ಯಾಂಕಷೈರಿನ ಹತ್ತಿಯ ಹಸಿವಿತ್ತು ಎಂಬುದನ್ನು ನಮ್ಮ ಏಕೀಕರಣದ ಚರಿತ್ರೆಯನ್ನು ಓದುವವರು ನೆನಪಿನಲ್ಲಿಡಬೇಕು.

ಆದರೆ ಬೇಕಾದದ್ದು ಹತ್ತಿಯೇ ಹೊರತು ನಮ್ಮ ಹತ್ತಿಯಲ್ಲ. ಹಿಂದೂಸ್ಥಾನದ ಹತ್ತಿಯ ಎಳೆ ಮೊಟಕು. ಅಮೆರಿಕದ ಹತ್ತಿಗೆ ಹೊಂದಿಸಿದ ಯಂತ್ರದಲ್ಲಿ ಅದು ಹೆಜ್ಜೆಹೆಜ್ಜೆಗೂ ಕಡಿಯುತ್ತಿತ್ತು. ಬಹುದೂರದ ದಾರಿಯಲ್ಲಿ ಮಣ್ಣೂ ಕಸವೂ ಸೇರುತ್ತಿದ್ದವು, ಕೆಲವೊಮ್ಮೆ ಸೇರಿಸಲಾಗುತ್ತಿತ್ತು. ಆ ಕಲಬೆರಕೆಯನ್ನು ತಡೆಯಲು ಮುಂಬಯಿ ಸರಕಾರ 1863ರಲ್ಲಿ ಕಾನೂನನ್ನೇ ಮಾಡಿತು. ದೇವರೇ ಹತ್ತಿ ಕೊಡು, ಆದರೆ ಸೂರತ್ ಹತ್ತಿ ಬೇಡ ಎಂದು ಲ್ಯಾಂಕಷೈರಿನ ಕೂಲಿಕಾರರು ಬೇಡುತ್ತಿದ್ದರೆಂದು ಹೇಳುವುದುಂಟು. 1865ರಲ್ಲಿ ಯುದ್ಧ ಮುಗಿಯಿತು. ಲಿವರ್‌ಪೂಲಿನಲ್ಲಿ ಬೆಲೆ ಕುಸಿಯಿತು. ಹತ್ತಿಯ ಹಣದ ಮೇಲೆ ಎದ್ದುನಿಂತಿದ್ದ ಮುಂಬಯಿಯ ಬ್ಯಾಂಕುಗಳೂ ಕಂಪನಿಗಳೂ ಒಂದರ ಮೇಲೊಂದು ಬಿದ್ದವು. ಮುಂಬಯಿಯ ಶೆಟ್ಟರ ದಿವಾಳಿ ಇತಿಹಾಸದ ಪುಸ್ತಕದಲ್ಲಿ ಉಳಿದಿದೆ. ಏರಿದ ಬೆಲೆಯನ್ನು ನಂಬಿ ಸಾಲ ಎತ್ತಿದ ನವಲಗುಂದ, ಗದಗುಗಳ ಕಡೆಯ ಒಕ್ಕಲಿಗನ ಕಥೆ ಹಾಗೆ ಉಳಿದಿಲ್ಲ. ದರಪಟ್ಟಿಯಲ್ಲಿ ಇದ್ದದ್ದು ಕುಮಟೆಯ ಹೆಸರು, ಅವನ ಹೆಸರಲ್ಲ.

ಬೆಳೆದವನ ಹೆಸರಿಲ್ಲ ಎಂಬುದು ನಮ್ಮ ದುಃಖವಾದರೆ, ಹೊತ್ತವನ ಹೆಸರಿಲ್ಲ ಎಂಬುದು ಲಿವರ್‌ಪೂಲಿನದೇ ದುಃಖ. ಡಾಕ್ ರಸ್ತೆಯಲ್ಲಿ ನಾನು ಅರ್ಧ ದಿನ ನಡೆದೆ. ಒಂದು ಬದಿಗೆ ಎತ್ತರವಾದ ಕಲ್ಲಿನ ಗೋಡೆ ಮೈಲಿಗಟ್ಟಲೆ ಸಾಗುತ್ತದೆ. ಕೋಟೆಯ ಬುರುಜಿನಂಥ ಹೆಬ್ಬಾಗಿಲುಗಳು. ಅವುಗಳಲ್ಲಿ ಅನೇಕವನ್ನು ಕಟ್ಟಿಸಿದವನು 1846ರಲ್ಲಿ ಆಲ್ಬರ್ಟ್ ಡಾಕ್ ತೆರೆಯುವಂತೆ ಮಾಡಿದ ಜೆಸ್ಸಿ ಹಾರ್ಟ್ಲಿ. ಕಳ್ಳತನ ತಡೆಯಲು ಕಟ್ಟಿದ ಈ ಗೋಡೆಯ ಹೊರಗೆ, ನಮ್ಮ ಕಡೆಯ ಮಾತಿನಲ್ಲಿ ಹಮಾಲರೆನ್ನಬಹುದಾದ ಡಾಕ್ ಕೂಲಿಕಾರರು ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬಂದು ನಿಲ್ಲುತ್ತಿದ್ದರು. ಮೇಸ್ತ್ರಿ ಬಂದು ಬೇಕಾದವರ ಹೆಗಲು ಮುಟ್ಟಿ ಆರಿಸುತ್ತಿದ್ದ. ಅರ್ಧ ದಿನದ ಕೆಲಸ, ಅರ್ಧ ದಿನದ ಕೂಲಿ. ಉಳಿದವರು ಬರಿಗೈಲಿ ಮನೆಗೆ. ಅವರು ಕಾಯುತ್ತಿದ್ದ ಜಾಗಕ್ಕೆ ಇಂಗ್ಲಿಷಿನಲ್ಲಿ ದನದ ದೊಡ್ಡಿಗೆ ಹೇಳುವ ಹೆಸರೇ ಇತ್ತು. ಡಾಕ್‌ಗಳ ಪಕ್ಕದಲ್ಲಿ 1893ರಿಂದ 1956ರವರೆಗೆ ಕಂಬಗಳ ಮೇಲೆ ಓಡುತ್ತಿದ್ದ ರೈಲು ಹಾದಿಯೊಂದಿತ್ತು. ಮಳೆ ಬಂದರೆ ಇವರು ಅದರಡಿ ನಿಲ್ಲುತ್ತಿದ್ದುದರಿಂದ ಅದಕ್ಕೆ ಹಮಾಲರ ಕೊಡೆ ಎಂದೇ ಹೆಸರಾಯಿತು.

ಆ ಅರ್ಧ ದಿನದ ಕೂಲಿಯಲ್ಲಿ ಸಂಸಾರ ಹೇಗೆ ನಡೆಯಿತು? ಎಲಿನರ್ ರಾತ್‌ಬೋನ್ ಎಂಬ ಮಹಿಳೆ ಈ ಪ್ರಶ್ನೆ ಕೇಳಿದರು. ಹಮಾಲರ ಮನೆಗಳ ಜಮಾಖರ್ಚನ್ನು ಬರೆಯಿಸಿ 1909ರಲ್ಲಿ ವರದಿ ಪ್ರಕಟಿಸಿದರು. ಅವರು ಹುಟ್ಟಿದ್ದು ನಗರದ ಹೆಸರಾಂತ ವರ್ತಕ ಮನೆತನದಲ್ಲಿ ಎಂಬುದನ್ನೂ ಹೇಳಬೇಕು. ಎರಡು ವರ್ಷಗಳ ತರುವಾಯ, 1911ರ ಬೇಸಗೆಯಲ್ಲಿ, ನಾವಿಕರು, ಹಮಾಲರು, ರೈಲು ಕೆಲಸಗಾರರು ಒಟ್ಟಾಗಿ ಮುಷ್ಕರ ಹೂಡಿದರು. ಆಗಸ್ಟ್ 13ರಂದು ಸಭೆಯ ಮೇಲೆ ಪೊಲೀಸರು ಲಾಠಿ ಬೀಸಿದರು. 15ರಂದು ಸೈನಿಕರ ಗುಂಡಿಗೆ ಇಬ್ಬರು ಬಲಿಯಾದರು. ಮರ್ಸಿ ನದಿಯಲ್ಲಿ ಯುದ್ಧನೌಕೆ ಬಂದು ನಿಂತಿತ್ತು. ನದಿಯ ದಂಡೆಯ ರಾಯಲ್ ಲಿವರ್ ಭವನ, ತಾಮ್ರದ ಎರಡು ಹಕ್ಕಿಗಳನ್ನು ಹೊತ್ತು ಇಂದಿಗೂ ನಗರದ ಲಾಂಛನದಂತಿರುವ ಆ ಭವನ, ಉದ್ಘಾಟನೆಗೊಂಡದ್ದೂ ಅದೇ ಬೇಸಗೆಯಲ್ಲಿ.

ಏರಿದ್ದು ಇಳಿಯಲೇಬೇಕು ಎಂದು ಸುಮ್ಮನಾಗುವುದು ಸುಲಭ. ಆದರೆ ಲಿವರ್‌ಪೂಲಿನ ಇಳಿತಕ್ಕೆ ಕಾರಣಗಳಿದ್ದವು. 1894ರಲ್ಲಿ ಮ್ಯಾಂಚೆಸ್ಟರ್ ತನ್ನದೇ ಕಾಲುವೆ ತೋಡಿ ಹಡಗುಗಳನ್ನು ನೇರವಾಗಿ ಕರೆಸಿಕೊಂಡಿತು. ಲ್ಯಾಂಕಷೈರಿನ ಬಟ್ಟೆಗೆ ಪರದೇಶದ ಪೇಟೆಗಳು ಮುಚ್ಚಿದವು. ನಮ್ಮ ಸ್ವದೇಶಿ ಚಳವಳಿಯ ಪಾಲೂ ಅದರಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳು ಬಿದ್ದವು. 1960ರ ದಶಕದ ಮೇಲೆ ಉಕ್ಕಿನ ಕಂಟೇನರು ಬಂತು. ನೂರು ಹೆಗಲುಗಳ ಕೆಲಸವನ್ನು ಒಂದು ಕ್ರೇನು ಮಾಡಿತು. 1973ರಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟಕ್ಕೆ ಸೇರಿದಾಗ ವ್ಯಾಪಾರದ ಮುಖ ಪೂರ್ವಕ್ಕೆ ತಿರುಗಿ, ಪಶ್ಚಿಮದ ಈ ಬಂದರು ಮನೆಯ ಹಿತ್ತಲಾಯಿತು. ಆಲ್ಬರ್ಟ್ ಡಾಕ್ 1972ರಲ್ಲಿ ಮುಚ್ಚಿತು. ನಮ್ಮ ಮಕ್ಕಳೂ ಆಡುತ್ತಿದ್ದ ಮೆಕ್ಯಾನೋ ಆಟಿಕೆಯ ಕಾರಖಾನೆ 1979ರಲ್ಲಿ, ಟೇಟ್ ಅಂಡ್ ಲೈಲ್ ಸಕ್ಕರೆ ಕಾರಖಾನೆ 1981ರಲ್ಲಿ ಬಾಗಿಲು ಹಾಕಿದವು. ಅದೇ ವರ್ಷ ಟಾಕ್ಸ್‌ಟೆತ್ ಪೇಟೆಯಲ್ಲಿ ದಂಗೆಯೆದ್ದಿತು. 1931ರಲ್ಲಿ ಎಂಟೂವರೆ ಲಕ್ಷವಿದ್ದ ಜನಸಂಖ್ಯೆ 2001ರ ವೇಳೆಗೆ ನಾಲ್ಕು ಲಕ್ಷ ನಲವತ್ತು ಸಾವಿರದ ಆಸುಪಾಸಿಗೆ ಇಳಿದಿತ್ತು. 1995ರ ಸೆಪ್ಟೆಂಬರಿನಲ್ಲಿ, ಮುಷ್ಕರನಿರತ ಜೊತೆಗಾರರನ್ನು ದಾಟಿ ಒಳಗೆ ಹೋಗಲೊಲ್ಲದ ಸುಮಾರು ಐನೂರು ಮಂದಿ ಹಮಾಲರು ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೂ ಮಿಕ್ಕಿ, 1998ರ ಜನವರಿಯವರೆಗೆ, ಅವರೂ ಅವರ ಮಡದಿಯರೂ ಹೋರಾಡಿದರು. ಬೇರೆ ದೇಶಗಳ ಬಂದರುಗಳ ಕೆಲಸಗಾರರೂ ಅವರಿಗಾಗಿ ಕೈಕಟ್ಟಿ ನಿಂತರು. ಕೆಲಸ ಮರಳಿ ಸಿಗಲಿಲ್ಲ.

ಈಗ ಅಲ್ಲಿ ಉಳಿದಿರುವುದೇನು? ಬಂದರು ಸತ್ತಿಲ್ಲ, 2016ರಲ್ಲಿ ನದಿಯ ಬಾಯಲ್ಲಿ ದೊಡ್ಡ ಕಂಟೇನರು ಹಡಗುಗಳಿಗೆಂದು ಹೊಸ ಕಟ್ಟೆ ತೆರೆಯಿತು. ಆದರೆ ಅದು ಊರಿನ ಕಣ್ಣಿಗೆ ಬೀಳುವುದಿಲ್ಲ, ಊರಿನ ಹೆಗಲೂ ಅದಕ್ಕೆ ಬೇಕಿಲ್ಲ. ನಗರದಂಚಿನ ಹೇಲ್‌ವುಡ್‌ನಲ್ಲಿ 1963ರಲ್ಲಿ ಫೋರ್ಡ್ ಕಂಪನಿ ಆರಂಭಿಸಿದ ಮೋಟಾರು ಕಾರಖಾನೆ 2008ರಲ್ಲಿ ನಮ್ಮ ಟಾಟಾ ಸಂಸ್ಥೆಯ ಒಡೆತನಕ್ಕೆ ಬಂತು. ಕಾಲ ಹೀಗೂ ತಿರುಗುವುದುಂಟು. ಹಳೆಯ ಕಲ್ಲುಗಳಿಗೆ ಯುನೆಸ್ಕೊ 2004ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಕೊಟ್ಟಿತು. ಹೊಸ ಕಟ್ಟಡಗಳು ಹಳೆಯ ಸ್ವರೂಪವನ್ನು ಕೆಡಿಸಿದುವೆಂದು 2021ರಲ್ಲಿ ಆ ಮನ್ನಣೆಯನ್ನು ಹಿಂದಕ್ಕೆ ಪಡೆಯಿತು. ಹಾಗೆ ಪಟ್ಟಿಯಿಂದ ಹೊರಬಿದ್ದ ಮೂರನೆಯ ತಾಣ ಅದು. ಅಂದು ವಿವಾದಕ್ಕೊಳಗಾದ ಕಾಲ್ಚೆಂಡಿನ ಕ್ರೀಡಾಂಗಣ, 1848ರ ಡಾಕ್ ಒಂದನ್ನು ತುಂಬಿಸಿದ ನೆಲದ ಮೇಲೆ 2025ರಲ್ಲಿ ತೆರೆಯಿತು. ಊರಿನವರಲ್ಲಿ ಕೆಲವರಿಗೆ ಮನ್ನಣೆ ಹೋದ ವ್ಯಥೆ. ಕಲ್ಲಿಗಿಂತ ಕೆಲಸ ಮುಖ್ಯವೆಂದು ಮತ್ತೆ ಕೆಲವರ ವಾದ. ಪರದೇಶದವನಾದ ನಾನು ತೀರ್ಪು ಕೊಡಲಾರೆ. ಬರಿಯ ಕಲ್ಲು ಉಳಿದರೆ ನೆನಪು ಉಳಿದಂತಲ್ಲ ಎಂದಷ್ಟೇ ಹೇಳಬಲ್ಲೆ. 2007ರಲ್ಲಿ, ಗುಲಾಮರ ವ್ಯಾಪಾರದ ನಿಷೇಧಕ್ಕೆ ಇನ್ನೂರು ವರ್ಷ ತುಂಬಿದಾಗ, ಆಲ್ಬರ್ಟ್ ಡಾಕ್‌ನ ಹಳೆಯ ಉಗ್ರಾಣದಲ್ಲೇ ಗುಲಾಮಗಿರಿಯ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದ ನಗರವದು. ತನ್ನ ಸಿರಿಯ ಬೇರನ್ನು ತಾನೇ ಅಗೆದು ತೋರಿಸಿದ ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಇನ್ನೊಂದು ಸಂಗತಿ ನನಗೆ ತಿಳಿದದ್ದು ಕೊನೆಯ ದಿನ. ಹತ್ತಿಯ ದಲಾಲಿಗಳ ಆ 1841ರ ಸಂಘ ಅಳಿದಿಲ್ಲ. ಅಂತರರಾಷ್ಟ್ರೀಯ ಹತ್ತಿ ಸಂಘವೆಂಬ ಹೆಸರಿನಲ್ಲಿ ಅದರ ವಾರಸಿಕೆ ಲಿವರ್‌ಪೂಲಿನಲ್ಲೇ ಮುಂದುವರಿದಿದೆ. ದೇಶದೇಶಗಳ ನಡುವಿನ ಹತ್ತಿ ವ್ಯಾಪಾರದಲ್ಲಿ ಬಹುಪಾಲು ಅದರ ನಿಯಮಗಳಂತೆ ನಡೆಯುತ್ತದೆ. ತಕರಾರು ಬಂದರೆ ಅದರ ಪಂಚಾಯಿತಿಗೆ ಹೋಗುತ್ತದೆ. ಜಗತ್ತಿನ ಹತ್ತಿಯ ದರಕ್ಕೆ ಅಳತೆಗೋಲಾಗಿ ನಮ್ಮ ಪತ್ರಿಕೆಗಳೂ ಉಲ್ಲೇಖಿಸುವ ‘ಕಾಟ್‌ಲುಕ್ ಎ’ ಸೂಚ್ಯಂಕವನ್ನು ಲೆಕ್ಕ ಹಾಕುವ ಸಂಸ್ಥೆಯೂ ಮರ್ಸಿಯ ದಂಡೆಯದೇ. ಹತ್ತಿಯ ಹಡಗು ಹೋಯಿತು, ಹೊತ್ತ ಹೆಗಲು ಹೋಯಿತು, ನೇಯ್ದ ಗಿರಣಿ ಹೋಯಿತು. ದರ ಹೇಳುವ ಪೀಠ ಮಾತ್ರ ಪೂರ್ತಿ ಕದಲಲಿಲ್ಲ.

ಕುಮಟೆಯ ಕಥೆ ಇಷ್ಟು ದೀರ್ಘವಾದುದಲ್ಲ. 1880ರ ದಶಕದ ಕೊನೆಯಲ್ಲಿ ಹುಬ್ಬಳ್ಳಿಯ ಕಡೆಯಿಂದ ಮರ್ಮಗೋವೆಗೆ ರೈಲು ಹೋದದ್ದೇ ತಡ, ಹತ್ತಿ ಘಟ್ಟದ ದಾರಿಯನ್ನು ಮರೆಯಿತು, ರೇವು ಬರಿದಾಯಿತು. ಆಮೇಲೂ ಬಹುಕಾಲ ಆ ಹತ್ತಿಯನ್ನು ಪೇಟೆಯಲ್ಲಿ ಕುಮಟಾ ಎಂದೇ ಕರೆಯುತ್ತಿದ್ದರು. ಊರಿಗೂ ಹತ್ತಿಗೂ ನಂಟು ಹರಿದ ಮೇಲೂ ಹೆಸರು ಉಳಿಯಿತು.

ಮರಳಿ ಬಂದ ಮೇಲೆ ಆ ವಿದ್ಯಾರ್ಥಿಯನ್ನು ಕರೆದು ಕಂಡದ್ದನ್ನೆಲ್ಲ ಹೇಳಿದೆ. ಅವನು ಕೊನೆಯವರೆಗೂ ಸುಮ್ಮನೆ ಕೇಳಿದ. ಆ ವರ್ಷ ತನ್ನ ತಂದೆ ಹುಬ್ಬಳ್ಳಿಯ ಪೇಟೆಗೆ ಹತ್ತಿ ಒಯ್ದು, ದರ ಇಳಿದಿದೆಯೆಂದು ಎರಡು ದಿನ ಅಲ್ಲಿಯೇ ಚಕ್ಕಡಿಯ ಕೆಳಗೆ ಮಲಗಿದ್ದು ಕಡೆಗೆ ಸಿಕ್ಕ ಬೆಲೆಗೇ ಕೊಟ್ಟು ಬಂದರೆಂದು ಹೇಳಿದ. ತರಗತಿಯಲ್ಲಿ ಆ ದರಪಟ್ಟಿಯ ಮಾತನ್ನು ನಾನು ಈಗಲೂ ಹೇಳುತ್ತೇನೆ. ಕುಮಟೆಯ ಹೆಸರು ಬಂದಾಗ ಮೊದಲಿನ ಅಭಿಮಾನದಿಂದ ಹೇಳುವುದಿಲ್ಲ. ಅವನ ಪ್ರಶ್ನೆಯನ್ನು ಸೇರಿಸಿಯೇ ಹೇಳುತ್ತೇನೆ.